ಎಟಿವಿಯ ಉದ್ದನೆಯ ಸೀಟು ಯಾರಿಗಾಗಿ?

ನಾಲ್ಕು ದಪ್ಪ ಟೈರುಗಳು, ಮೋಟಾರ್ ಸೈಕಲ್ಲಿನಂಥ ಹ್ಯಾಂಡಲ್, ಇಬ್ಬರು ಆರಾಮವಾಗಿ ಕೂರಬಹುದೆನಿಸುವ ಉದ್ದನೆಯ ಸೀಟು: ಎಟಿವಿ (ಆಲ್ ಟೆರೇನ್ ವೆಹಿಕಲ್, ಅಂದರೆ ಎಲ್ಲ ಬಗೆಯ ನೆಲದಲ್ಲೂ ಓಡುವ ವಾಹನ) ಅಥವಾ ಕ್ವಾಡ್ ಬೈಕನ್ನು ಮೊದಲ ಬಾರಿ ನೋಡುವವರಿಗೆ ಅದು ಬೈಕಿಗಿಂತ ಭದ್ರವಾದ ವಾಹನವೆಂದೇ ತೋರುತ್ತದೆ. ಆದರೆ ಒಬ್ಬ ಸವಾರನಿಗಾಗಿ ತಯಾರಾದ ಎಟಿವಿಗಳ ಮೇಲೆ, ಹಿಂದೆ ಯಾರನ್ನೂ ಕೂರಿಸಿಕೊಳ್ಳಬಾರದೆಂಬ ಎಚ್ಚರಿಕೆಯ ಚೀಟಿ ಅಂಟಿರುತ್ತದೆ. ಈ ಮಾತು ಅತಿಯಾದ ಎಚ್ಚರಿಕೆಯಲ್ಲ. ವಾಹನದ ರಚನೆಯಲ್ಲಿಯೇ ಅದಕ್ಕೆ ಕಾರಣವಿದೆ.

ಎಟಿವಿಯನ್ನು ಓಡಿಸುವುದು ಹ್ಯಾಂಡಲ್ ಮಾತ್ರವಲ್ಲ, ಸವಾರನ ಇಡೀ ದೇಹ. ದಿಣ್ಣೆ ಹತ್ತುವಾಗ ಆತ ಮುಂದಕ್ಕೆ ಸರಿದು ಬಾಗಬೇಕು, ಇಳಿಯುವಾಗ ಹಿಂದಕ್ಕೆ ಸರಿಯಬೇಕು, ಅಡ್ಡ ಇಳಿಜಾರಿನಲ್ಲಿ ಮೇಲಿನ ಬದಿಗೆ ಮತ್ತು ತಿರುವಿನಲ್ಲಿ ಒಳಬದಿಗೆ ಮೈಯನ್ನು ಒಯ್ಯಬೇಕು. ಸೀಟು ಉದ್ದವಾಗಿರುವುದು ಈ ಓಡಾಟಕ್ಕಾಗಿ. ಹಿಂದೆ ಇನ್ನೊಬ್ಬರು ಕುಳಿತ ಕೂಡಲೇ ಸವಾರನಿಗೆ ಸರಿಯಲು ಜಾಗವೇ ಉಳಿಯುವುದಿಲ್ಲ.

ಇದರ ಪರಿಣಾಮವನ್ನು ಒಂದು ಕಾಲ್ಪನಿಕ ವಾಹನದ ಲೆಕ್ಕದಿಂದ ನೋಡಬಹುದು. ಎಟಿವಿಯ ತೂಕ 300 ಕಿಲೋ, ಅದರ ಗುರುತ್ವ ಕೇಂದ್ರ ನೆಲದಿಂದ ಅರ್ಧ ಮೀಟರ್ ಎತ್ತರದಲ್ಲಿದೆ, ಎಡಬಲ ಚಕ್ರಗಳ ನಡುವಿನ ಅಂತರ 92 ಸೆಂಟಿಮೀಟರ್ ಎಂದುಕೊಳ್ಳೋಣ. 75 ಕಿಲೋ ತೂಕದ ಸವಾರ ಕುಳಿತು, ಅವನ ದೇಹದ ಗುರುತ್ವ ಕೇಂದ್ರ 1.1 ಮೀಟರ್ ಎತ್ತರದಲ್ಲಿದ್ದರೆ ವಾಹನ ಮತ್ತು ಸವಾರ ಎರಡೂ ಸೇರಿದ ಕೇಂದ್ರ 62 ಸೆಂಟಿಮೀಟರಿಗೆ ಏರುತ್ತದೆ. ಅಂಥ ವಾಹನ ಸುಮಾರು 36.5 ಡಿಗ್ರಿಯ ಅಡ್ಡ ಇಳಿಜಾರಿನವರೆಗೂ ಮಗುಚದೆ ನಿಲ್ಲಬಲ್ಲದು. ಹಿಂದೆ 60 ಕಿಲೋ ತೂಕದ ಇನ್ನೊಬ್ಬರು ಕುಳಿತರೆ ಕೇಂದ್ರ ಸುಮಾರು 69 ಸೆಂಟಿಮೀಟರಿಗೆ ಏರಿ, ಮಗುಚುವ ಕೋನ 34 ಡಿಗ್ರಿಯ ಹತ್ತಿರಕ್ಕೆ ಇಳಿಯುತ್ತದೆ. ಎರಡು ಮೂರು ಡಿಗ್ರಿಗಳ ವ್ಯತ್ಯಾಸ ಕ್ಷುಲ್ಲಕವೆನಿಸಬಹುದು. ಆದರೆ ಹೊರಬದಿಗೆ 8 ಡಿಗ್ರಿ ಇಳಿಜಾರಿರುವ ದಾರಿಯಲ್ಲಿ, 6 ಮೀಟರ್ ತ್ರಿಜ್ಯದ ತಿರುವನ್ನು ಗಂಟೆಗೆ 20 ಕಿಲೋಮೀಟರ್ ವೇಗದಲ್ಲಿ ತೆಗೆದುಕೊಂಡರೆ ವಾಹನದ ಮೇಲೆ ಬೀಳುವ ಒಟ್ಟು ಪರಿಣಾಮ ಹೆಚ್ಚುಕಡಿಮೆ ಈ ಎರಡು ಕೋನಗಳ ನಡುವೆಯೇ ಬರುತ್ತದೆ: ಒಬ್ಬನೇ ಇದ್ದರೆ ಕೂದಲೆಳೆಯ ಅಂತರದಲ್ಲಿ ಪಾರು, ಇಬ್ಬರಿದ್ದರೆ ಪಲ್ಟಿ. ಗಾಳಿಯ ಒತ್ತಡ ಕಡಿಮೆಯಿರುವ ಮೆತ್ತನೆಯ ಟೈರುಗಳು ಭಾರಕ್ಕೆ ಅಮುಕಿಕೊಳ್ಳುವುದರಿಂದ ನಿಜವಾದ ನೆಲದಲ್ಲಿ ಇಷ್ಟು ಅವಕಾಶವೂ ಸಿಗುವುದಿಲ್ಲ.

ಏರಿನಲ್ಲಿ ಅಪಾಯ ಇದಕ್ಕಿಂತ ಹೆಚ್ಚು. ಹಿಂಬದಿ ಸವಾರನ ಭಾರ ಹಿಂದಿನ ಆಕ್ಸಲ್ಲಿನ ಮೇಲೆ, ಕ್ಯಾರಿಯರ್ ಮೇಲೆ ಕೂತಿದ್ದರೆ ಅದರಿಂದಲೂ ಆಚೆಗೆ ಬೀಳುತ್ತದೆ. ಮುಂದಿನ ಚಕ್ರಗಳು ಹಗುರವಾಗಿ, ಹ್ಯಾಂಡಲ್ ತಿರುಗಿಸಿದರೂ ವಾಹನ ತಿರುಗದಂತಾಗುತ್ತದೆ. ಏರು ಇನ್ನಷ್ಟು ಕಡಿದಾದರೆ ಮುಂಭಾಗ ಮೇಲೆದ್ದು, ಇಡೀ ವಾಹನ ಇಬ್ಬರ ಮೇಲೂ ಹಿಮ್ಮುಖವಾಗಿ ಮಗುಚುತ್ತದೆ. ಬೈಕಿನಲ್ಲಿ ಹಿಂದೆ ಕುಳಿತು ರೂಢಿಯಿರುವವರು ಇಲ್ಲಿ ಸಹಜವಾಗಿಯೇ ಮೋಸ ಹೋಗುತ್ತಾರೆ. ಬೈಕು ತಿರುವಿನಲ್ಲಿ ತಾನೇ ವಾಲುತ್ತದೆ, ಹಿಂಬದಿಯವರು ಸುಮ್ಮನೆ ಅದರೊಂದಿಗೆ ವಾಲಿದರೆ ಸಾಕು. ಎಟಿವಿ ವಾಲುವುದಿಲ್ಲ; ಅದರ ಮೇಲಿರುವವರು ಹೊರಕ್ಕೆ ಎಸೆಯಲ್ಪಡುತ್ತಾರೆ. ಮುಂದೇನು ಬರುತ್ತದೆಂದು ಕಾಣದ ಹಿಂಬದಿಯವರು ತಡವಾಗಿ, ಅದೂ ತಪ್ಪು ದಿಕ್ಕಿಗೆ ವಾಲಿದರೆ ಸವಾರ ಮೈಬಾಗಿಸಿ ಗಳಿಸಿದ ಸಮತೋಲನವೂ ಕೈತಪ್ಪುತ್ತದೆ.

ನಿಯಮಗಳು ಇಂಥ ಅನುಭವದಿಂದಲೇ ಹುಟ್ಟಿದವು. ಹೋಂಡಾ ಕಂಪನಿ 1970ರಲ್ಲಿ ಅಮೆರಿಕದ ಮಾರುಕಟ್ಟೆಗೆ ತಂದ ಮೂರು ಚಕ್ರದ ವಾಹನ ಬಹಳ ಜನಪ್ರಿಯವಾಯಿತು. ಅಂಥ ವಾಹನಗಳಿಂದ ಸಾವುನೋವುಗಳು ಹೆಚ್ಚಿದ ಮೇಲೆ, 1988ರಲ್ಲಿ ಸರ್ಕಾರದೊಂದಿಗೆ ಆದ ಒಪ್ಪಂದದಂತೆ ಪ್ರಮುಖ ತಯಾರಕರು ಮೂರು ಚಕ್ರದ ಮಾದರಿಗಳ ಮಾರಾಟವನ್ನು ನಿಲ್ಲಿಸಿದರು. 2008ರ ಗ್ರಾಹಕ ಸುರಕ್ಷತಾ ಕಾನೂನು ಎಟಿವಿಗಳ ತಯಾರಿಕಾ ಮಾನದಂಡವನ್ನು ಕಡ್ಡಾಯಗೊಳಿಸಿತು. ಆ ಮಾನದಂಡದಲ್ಲಿ ಎರಡು ಬಗೆಗಳಿವೆ: ಸವಾರನಿಗೆ ಮಾತ್ರ ಮೀಸಲಾದದ್ದು ಒಂದು, ಸವಾರನ ಜೊತೆಗೆ ಒಬ್ಬರನ್ನು ಕೂರಿಸಬಹುದಾದದ್ದು ಇನ್ನೊಂದು. ಎರಡನೆಯ ಬಗೆಯಲ್ಲಿ ಹಿಂಬದಿಯವರಿಗೆ ಪ್ರತ್ಯೇಕ ಸೀಟು, ಕಾಲಿಡುವ ಜಾಗ, ಹಿಡಿಕೆಗಳು ಇರುತ್ತವೆ. ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವಿನ ಅಂತರವೂ ಸಾಮಾನ್ಯವಾಗಿ ಹೆಚ್ಚು. ಸಂಚಾರದ ನಿಯಮಗಳು ಅಮೆರಿಕದಲ್ಲಿ ರಾಜ್ಯದಿಂದ ರಾಜ್ಯಕ್ಕೆ ಬೇರೆ. ಕ್ಯಾಲಿಫೋರ್ನಿಯಾದ ಸಾರ್ವಜನಿಕ ಭೂಮಿಯಲ್ಲಿ, ಇಬ್ಬರಿಗಾಗಿಯೇ ತಯಾರಾದ ಎಟಿವಿಯ ಹೊರತು ಬೇರಾವುದರ ಮೇಲೂ ಇನ್ನೊಬ್ಬರನ್ನು ಒಯ್ಯುವಂತಿಲ್ಲ. ಆಸ್ಟ್ರೇಲಿಯಾ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಸಾಮಾನ್ಯ ಬಳಕೆಯ ಹೊಸ ಕ್ವಾಡ್ ಬೈಕುಗಳು ಕನಿಷ್ಠ ಸ್ಥಿರತೆಯ ಪರೀಕ್ಷೆ ಪಾಸಾಗಿರಬೇಕು, ಮಗುಚಿದಾಗ ಸವಾರ ಅಡಿಗೆ ಸಿಕ್ಕಿ ಜಜ್ಜಿಹೋಗದಂತೆ ರಕ್ಷಣಾ ಚೌಕಟ್ಟನ್ನೂ ಹೊಂದಿರಬೇಕು ಎಂದು 2021ರ ಅಕ್ಟೋಬರಿನಿಂದ ಕಡ್ಡಾಯ ಮಾಡಿದೆ.

ನನಗೆ ಹೆಚ್ಚು ಕಳವಳ ಹುಟ್ಟಿಸುವುದು ಮಕ್ಕಳ ವಿಷಯ. ಪುಟ್ಟ ಮಗುವನ್ನು ತಮ್ಮ ಮುಂದೆ, ತೋಳುಗಳ ನಡುವೆ ಕೂರಿಸಿಕೊಂಡರೆ ಭದ್ರವೆಂದು ಅನೇಕ ತಂದೆತಾಯಂದಿರು ನಂಬುತ್ತಾರೆ. ಎಟಿವಿಯ ವೇಗ ಹೆಚ್ಚುವುದು ಬಲ ಹೆಬ್ಬೆರಳಿನಿಂದ ಒತ್ತುವ ಸಣ್ಣ ಲಿವರ್‌ನಿಂದ. ಮುಂದೆ ಕುಳಿತ ಮಗುವಿನ ಕೈ ಅದಕ್ಕೆ ಸುಲಭವಾಗಿ ತಗುಲುತ್ತದೆ. ಮಗುವಿನ ಮೈ ಅಡ್ಡವಿರುವುದರಿಂದ ಹ್ಯಾಂಡಲ್ ಪೂರ್ತಿ ತಿರುಗುವುದಿಲ್ಲ, ವಾಹನ ಥಟ್ಟನೆ ನಿಂತರೆ ಹ್ಯಾಂಡಲ್ಲಿನ ಮತ್ತು ದೊಡ್ಡವರ ದೇಹದ ನಡುವೆ ಸಿಲುಕುವುದೂ ಮಗುವೇ. ಇಬ್ಬರ ಎಟಿವಿಯಲ್ಲಿಯೂ, ಕಾಲು ಪಾದಪೀಠಕ್ಕೆ ಎಟುಕದ, ಹಿಡಿಕೆಯನ್ನು ಬಿಗಿಯಾಗಿ ಹಿಡಿಯಲಾಗದ ಮಕ್ಕಳನ್ನು ಹಿಂದೆ ಕೂರಿಸುವಂತಿಲ್ಲ.

ಕೊಡಗು, ಚಿಕ್ಕಮಗಳೂರಿನ ಕಡೆಯ ರೆಸಾರ್ಟುಗಳಲ್ಲಿ ಹಣ ಕೊಟ್ಟು ಇಂಥ ಸವಾರಿ ಮಾಡುವ ಕುಟುಂಬಗಳು ಹೊರಡುವ ಮೊದಲೇ ವಾಹನದ ಮೇಲಿನ ಚೀಟಿಯನ್ನು ಓದಬೇಕು. ಚೀಟಿ ಕಿತ್ತುಹೋಗಿದ್ದರೆ, ಆ ಮಾದರಿ ಇಬ್ಬರಿಗಾಗಿ ತಯಾರಾದದ್ದೇ ಎಂದು ಕೇಳಬೇಕು. ಸ್ಪಷ್ಟ ಉತ್ತರ ಸಿಗದಿದ್ದರೆ ಒಬ್ಬೊಬ್ಬರೇ ಸರದಿಯಂತೆ ಹೋಗಿಬರುವುದು ಸರಿ, ಪ್ರತಿಯೊಬ್ಬರೂ ಹೆಲ್ಮೆಟ್ ಧರಿಸಿ. ಜನರನ್ನು ಸಾಗಿಸುವುದೇ ಉದ್ದೇಶವಾಗಿದ್ದರೆ ಅಕ್ಕಪಕ್ಕ ಸೀಟುಗಳು, ಸೀಟ್ ಬೆಲ್ಟ್ ಮತ್ತು ತಲೆಯ ಮೇಲೆ ಉಕ್ಕಿನ ಚೌಕಟ್ಟು ಇರುವ, ಸ್ಟೀರಿಂಗ್ ಚಕ್ರದ ಬೇರೆಯದೇ ವಾಹನಗಳಿವೆ; ಅವುಗಳಲ್ಲಿಯೂ ಬೆಲ್ಟುಗಳಿರುವಷ್ಟೇ ಜನ ಹತ್ತಬೇಕು.