ಈಸ್ಟರ್‌ಗೆ ಪುಟ್ಟ ಮಕ್ಕಳ ಕೈಯಲ್ಲಿ ಏನು ಮಾಡಿಸೋಣ?

ಪ್ರಶ್ನೆ: ಮಕ್ಕಳಿಗೆ ನಾಲ್ಕು ಮತ್ತು ಆರು ವರ್ಷ. ಈಸ್ಟರ್ ಬಂತೆಂದರೆ ಮೊಲದ ಮುಖ ಕತ್ತರಿಸಿ, ಹತ್ತಿ ಅಂಟಿಸಿ ಮುಗಿಸುತ್ತೇವೆ. ಹಬ್ಬದ ಅರ್ಥ ಮನಸ್ಸಿಗೆ ಇಳಿಯುವಂಥ, ಅವರೇ ಕೈಯಾರೆ ಮಾಡಬಹುದಾದ ಕೆಲಸ ಏನಿದೆ?

ಉತ್ತರ: ಅರ್ಧ ಗಂಟೆಯಲ್ಲಿ ಮುಗಿಯುವ ನಾಲ್ಕು ಕೆಲಸಕ್ಕಿಂತ ವಾರವಿಡೀ ನಡೆಯುವ ಒಂದೇ ಕೆಲಸ ಮೇಲು. ಶುಕ್ರವಾರ ಮುಚ್ಚಿದ ಯೇಸುವಿನ ಸಮಾಧಿ ಭಾನುವಾರ ತೆರೆದಿರುತ್ತದೆ. ಈಸ್ಟರ್ ಕಥೆಯ ಜೀವಾಳವೇ ಅದು. ಆ ಬದಲಾವಣೆ ಮಗುವಿನ ಕಣ್ಣೆದುರೇ ಆಗಬೇಕಾದರೆ ಈಸ್ಟರ್ ತೋಟ ಮಾಡಿ, ಅಂದರೆ ತಟ್ಟೆಯಲ್ಲಿ ಸಮಾಧಿ, ಶಿಲುಬೆ, ಹಸಿರು ಇರುವ ಪುಟ್ಟ ತೋಟ. ಯೇಸುವನ್ನು ಇಟ್ಟ ಸಮಾಧಿ ತೋಟದಲ್ಲಿತ್ತು ಎನ್ನುತ್ತದೆ ಬೈಬಲ್‌ನ ಯೋಹಾನನ ಸುವಾರ್ತೆ (19:41). ಮಣ್ಣಿಗೆ ಬಿದ್ದು ಸಾಯುವ ಗೋಧಿ ಕಾಳಿನ ಮಾತೂ (12:24) ಅಲ್ಲೇ ಬರುತ್ತದೆ. ಹಾಗಾಗಿ ಬಿತ್ತುವುದಕ್ಕೆ ಗೋಧಿಯೇ ಇರಲಿ. ಅಡುಗೆಮನೆಯ ಗೋಧಿ ಸಾಕು. ಬಿತ್ತನೆ ಬೀಜಕ್ಕೆ ಔಷಧಿ ಸವರಿರಬಹುದು, ಮಕ್ಕಳ ಕೈಗೆ ಕೊಡಬೇಡಿ.

ಗರಿಗಳ ಭಾನುವಾರದ (ಈಸ್ಟರ್‌ಗೆ ಒಂದು ವಾರ ಮುಂಚಿನ ಭಾನುವಾರ) ಹೊತ್ತಿಗೆ ಕಾಳು ಮೊಳಕೆ ಒಡೆದಿರಬೇಕು. ಅದಕ್ಕೆ ಹಿಂದಿನ ಶುಕ್ರವಾರ ರಾತ್ರಿ ಅರ್ಧ ಬಟ್ಟಲು ಗೋಧಿ ನೆನೆಹಾಕಿ, ಬೆಳಗ್ಗೆ ನೀರು ಬಸಿದು ಒದ್ದೆ ಬಟ್ಟೆಯಲ್ಲಿ ಕಟ್ಟಿಡಿ. ಹಬ್ಬದ ದಿನಾಂಕ ಪ್ರತಿವರ್ಷ ಬದಲಾಗುವುದರಿಂದ ಮೊದಲೇ ನೋಡಿಟ್ಟುಕೊಳ್ಳಿ: 2027ರಲ್ಲಿ ಈಸ್ಟರ್ ಮಾರ್ಚ್ 28ಕ್ಕೆ, ಅಂದರೆ ಮಾರ್ಚ್ 19ರ ರಾತ್ರಿ ನೆನೆಹಾಕಬೇಕು. ಚಳಿ ಇದ್ದಲ್ಲಿ ಇನ್ನೂ ಎರಡು ಮೂರು ದಿನ ಮುಂಚೆ.

ಸುಮಾರು 30 ಸೆಂ.ಮೀ. ಉದ್ದ, 5 ಸೆಂ.ಮೀ. ಆಳದ ತಟ್ಟೆ ಬೇಕು. ತಳಕ್ಕೆ ಒಂದು ಪದರ ಜಲ್ಲಿಕಲ್ಲು, ಮೇಲೆ 3 ಸೆಂ.ಮೀ. ಮಣ್ಣು. ತಳದಲ್ಲಿ ತೂತಿಲ್ಲದ ತಟ್ಟೆಯಾದರೆ ಜಲ್ಲಿ ಹಾಕಲೇಬೇಕು. ಇಲ್ಲದಿದ್ದರೆ ಮಣ್ಣಿನಲ್ಲಿ ನೀರು ನಿಂತು ಮೂರನೇ ದಿನಕ್ಕೇ ವಾಸನೆ ಬರುತ್ತದೆ. ಒಂದು ಮೂಲೆಯಲ್ಲಿ ಚಿಕ್ಕ ಹೂಕುಂಡ ಅಡ್ಡ ಮಲಗಿಸಿ, ಬಾಯಿ ಮಾತ್ರ ಕಾಣುವಂತೆ ಒದ್ದೆ ಮಣ್ಣು ಮೆತ್ತಿ ದಿಬ್ಬ ಮಾಡಿಸಿ. ಒಣ ಮಣ್ಣು ನಿಲ್ಲುವುದಿಲ್ಲ, ಜಾರುತ್ತದೆ. ಕುಂಡದ ಬಾಯಿ ಮುಚ್ಚುವಷ್ಟು ದೊಡ್ಡ ಕಲ್ಲನ್ನು ಮಗುವೇ ಹುಡುಕಿ ತರಲಿ. ಮನೆಯಲ್ಲಿ ಮೂರು ವರ್ಷದೊಳಗಿನ ಕೂಸಿದ್ದರೆ ಜಲ್ಲಿಯ ಮೇಲೊಂದು ಕಣ್ಣಿರಲಿ, ಬಾಯಿಗೆ ಹೋದೀತು.

ಮೊಳಕೆ ಕಾಳನ್ನು ಒಂದರ ಮೇಲೊಂದು ಬೀಳದಂತೆ ಹರಡಿ, ಅಂಗೈಯಿಂದ ಮೆಲ್ಲಗೆ ಒತ್ತಿಸಿ. ಎರಡು ದಿನ ಒದ್ದೆ ಬಟ್ಟೆ ಹೊದಿಸಿಡಿ, ಆಮೇಲೆ ಬೆಳಕಿಗೆ ತನ್ನಿ. ನೀರಿಗೆ ಸ್ಪ್ರೇ ಬಾಟಲಿಯನ್ನೇ ಕೊಡಿ. ಲೋಟ ಕೊಟ್ಟರೆ ದಿಬ್ಬ ಕರಗಿ ಹೋಗುತ್ತದೆ.

ಬೇರಿನ ಸುತ್ತ ಬಿಳಿ ನವಿರು ಕಂಡಾಗ ಬೂಷ್ಟೆಂದು ಎಷ್ಟೋ ಜನ ತಟ್ಟೆಯನ್ನೇ ಎಸೆದುಬಿಡುತ್ತಾರೆ. ಸಾಮಾನ್ಯವಾಗಿ ಅದು ಬೇರುರೋಮ. ನೀರು ಚಿಮುಕಿಸಿದರೆ ಬೇರಿಗೆ ಅಂಟಿಕೊಂಡು ಮಾಯವಾಗುತ್ತದೆ. ನಿಜವಾದ ಬೂಷ್ಟು ಕಾಳಿಂದ ಕಾಳಿಗೆ ಬೂದು ಬಲೆ ಕಟ್ಟುತ್ತದೆ, ಮುಗ್ಗಲು ವಾಸನೆ ಬರುತ್ತದೆ. ಅಷ್ಟು ಭಾಗ ಚಮಚದಲ್ಲಿ ತೆಗೆದು, ನೀರು ಕಡಿಮೆ ಮಾಡಿ, ಗಾಳಿಯಾಡುವಲ್ಲಿಡಿ. ಇನ್ನು ಮಕ್ಕಳು ಬೇರು ನೋಡಲೆಂದು ಕಾಳು ಕಿತ್ತೇ ಕೀಳುತ್ತಾರೆ. ಗದರಿ ಫಲವಿಲ್ಲ, ಕೆದಕಿ ನೋಡುವುದಕ್ಕೆಂದೇ ಗಾಜಿನ ಲೋಟದಲ್ಲಿ ಒದ್ದೆ ಹತ್ತಿಯ ಮೇಲೆ ಐದಾರು ಕಾಳು ಬೇರೆ ಇಟ್ಟುಕೊಡಿ.

ಮೂರು ಶಿಲುಬೆಗೆ ಒಣ ಕಡ್ಡಿ ಸಾಕು. ಆರರ ಮಗು ಕಡ್ಡಿಗಳನ್ನು ಅಡ್ಡ ಹಿಡಿದುಕೊಳ್ಳಲಿ, ನಾಲ್ಕರದು ದಾರ ಸುತ್ತಲಿ, ಗಂಟು ನೀವು ಹಾಕಿ. ತೆಳು ಮಣ್ಣಿನಲ್ಲಿ ಶಿಲುಬೆ ವಾಲುತ್ತದೆ, ಬುಡಕ್ಕೊಂದು ಜೇಡಿಮಣ್ಣಿನ ಉಂಡೆ ಕೊಡಿ.

ಗುಡ್ ಫ್ರೈಡೇ ದಿನ ಬಿಳಿ ಬಟ್ಟೆ ಸುತ್ತಿದ ಕಡ್ಡಿಯೊಂದನ್ನು ಕುಂಡದೊಳಗಿಟ್ಟು ಮಗುವೇ ಕಲ್ಲು ಮುಚ್ಚಲಿ. ಆಗ ಯೇಸು "ಮಲಗಿದ" ಎನ್ನಬೇಡಿ, "ಸತ್ತ" ಎಂದೇ ಹೇಳಿ. ಸಾವನ್ನು ನಿದ್ದೆ ಎಂದರೆ ಈ ವಯಸ್ಸಿನವರು ಮಲಗುವುದಕ್ಕೇ ಹೆದರಬಹುದು. ಶನಿವಾರ ನೀರು ಚಿಮುಕಿಸುವುದು ಬಿಟ್ಟರೆ ಬೇರೇನೂ ಬೇಡ. ಭಾನುವಾರ ಮಕ್ಕಳು ಏಳುವ ಮುನ್ನ ಕಲ್ಲು ಸರಿಸಿ, ಕಡ್ಡಿ ತೆಗೆದು, ಬಟ್ಟೆಯನ್ನು ಮಾತ್ರ ಒಳಗೆ ಬಿಡಿ. ಯೋಹಾನನ 20ನೇ ಅಧ್ಯಾಯದಲ್ಲೂ ಶಿಷ್ಯರು ಕಂಡದ್ದು ಬರೀ ಬಟ್ಟೆಯನ್ನೇ. ಅಲ್ಲೊಂದು ಯೇಸುವಿನ ಗೊಂಬೆ ತಂದಿಡುವ ಆಸೆ ಬೇಡ. ಖಾಲಿ ಕುಂಡ ನೋಡಿ "ಎಲ್ಲಿ ಹೋದ?" ಎಂದು ಮಗುವೇ ಕೇಳಲಿ.

ಮೊಟ್ಟೆಗೆ ಬಣ್ಣ ಹಚ್ಚುವುದನ್ನೂ ಬಿಡಬೇಕಿಲ್ಲ, ಮುಚ್ಚಿದ ಚಿಪ್ಪನ್ನು ಸಮಾಧಿಗೆ ಹೋಲಿಸುವ ರೂಢಿ ಹಳೆಯದು. ಬೇಯಿಸಿ ಪೂರ್ತಿ ತಣಿದ ಬಿಳಿ ಮೊಟ್ಟೆಯ ಮೇಲೆ ಬಿಳಿ ಕ್ರೇಯಾನ್‌ನಲ್ಲಿ ಒತ್ತಿ ಶಿಲುಬೆ ಬರೆಸಿ. ಬಣ್ಣದಲ್ಲಿ ಅದ್ದಿದಾಗ ಮೇಣವಿದ್ದಲ್ಲಿ ಬಣ್ಣ ಹಿಡಿಯದೆ ಶಿಲುಬೆ ಮೂಡುತ್ತದೆ. ಐದಾರು ಈರುಳ್ಳಿಯ ಒಣ ಸಿಪ್ಪೆಯನ್ನು ಎರಡು ಲೋಟ ನೀರಲ್ಲಿ 20 ನಿಮಿಷ ಕುದಿಸಿ ಸೋಸಿ, ಎರಡು ದೊಡ್ಡ ಚಮಚ ವಿನೆಗರ್ ಹಾಕಿದರೆ ಬಣ್ಣ ತಯಾರು. ಅದೂ ತಣಿದಿರಬೇಕು, ಬಿಸಿಯಿದ್ದರೆ ಮೇಣ ಕರಗುತ್ತದೆ. ಅರ್ಧ ಗಂಟೆಗೆ ಕೆಂಗಂದು ಬಣ್ಣ ಬರುತ್ತದೆ. ವಿನೆಗರ್ ಹೆಚ್ಚಾದರೆ ಚಿಪ್ಪು ಸವೆದು ಬಣ್ಣ ಮಚ್ಚೆಮಚ್ಚೆಯಾಗುತ್ತದೆ. ತಿನ್ನುವುದಿದ್ದರೆ ಬೇಯಿಸಿದ ಮೊಟ್ಟೆ ಒಟ್ಟು ಎರಡು ಗಂಟೆಗಿಂತ ಹೆಚ್ಚು ಫ್ರಿಜ್‌ನ ಹೊರಗಿರಬಾರದು. ತೋಟದಲ್ಲಿ ಅಲಂಕಾರಕ್ಕಿಟ್ಟವನ್ನು ಆಮೇಲೆ ತಿನ್ನಬೇಡಿ.