ತಲೆ ಎತ್ತಿದ್ದಕ್ಕೆ ಟಾಪ್ ಆಗಲಿಲ್ಲ ಸ್ವಾಮಿ

ಪ್ರಶ್ನೆ: ನನ್ನೂರು ಮಂಡ್ಯ. ಆರು ತಿಂಗಳಿಂದ ಗಾಲ್ಫ್ ಕಲೀತಾ ಇದ್ದೀನಿ. ಏಳನೇ ನಂಬರ್ ಐರನ್‌ ಕ್ಲಬ್ಬಿನಲ್ಲಿ, ಅಂದರೆ ಓರೆ ಮುಖದ ಲೋಹದ ದಾಂಡಿನಲ್ಲಿ, ಹತ್ತು ಹೊಡೆದರೆ ನಾಲ್ಕು ಟಾಪ್ ಆಗಿ, ಅಂದರೆ ಕ್ಲಬ್ಬು ನೆತ್ತಿ ಸವರಿ, ಚೆಂಡು ನೆಲದ ಮೇಲೇ ಉರುಳಿಕೊಂಡು ಹೋಗುತ್ತೆ. ಜೊತೆಯಲ್ಲಿ ಆಡೋರೆಲ್ಲ ‘ತಲೆ ಎತ್ತಿಬಿಟ್ರಿ’ ಅಂತಾರೆ. ಗದ್ದವನ್ನ ಎದೆಗೆ ಒತ್ತಿ ಹಿಡಿದು ನೋಡಿದೆ, ಏನೂ ಉಪಯೋಗವಿಲ್ಲ. ಈಗ ಕತ್ತು ನೋವು ಬೇರೆ. ಏನು ಮಾಡಲಿ?

ಉತ್ತರ: ಮೊದಲು ಆ ತಲೆಯನ್ನು ಅದರ ಪಾಡಿಗೆ ಬಿಡಿ.

ಈ ಪ್ರಶ್ನೆ ಹೊಸದಲ್ಲ. ಊರು ಬದಲಾಗುತ್ತೆ, ಐರನ್ ನಂಬರ್ ಬದಲಾಗುತ್ತೆ, ‘ತಲೆ ಎತ್ತಿಬಿಟ್ರಿ’ ಮಾತ್ರ ಬದಲಾಗುವುದಿಲ್ಲ. ಚಾಮುಂಡಿ ಬೆಟ್ಟದ ಬುಡದಲ್ಲಿ, ರೇಸ್ ಕೋರ್ಸ್ ಮಗ್ಗುಲಿನ ಗಾಲ್ಫ್ ಮೈದಾನದಲ್ಲಿ ಒಂದು ಬೆಳಗ್ಗೆ ನಡೆದು ಬಂದರೆ ಸಾಕು, ಈ ಮಾತು ಎಷ್ಟು ಸಲ ಕಿವಿಗೆ ಬೀಳುತ್ತೋ ಲೆಕ್ಕ ತಪ್ಪುತ್ತೆ. ಹೇಳುವುದು ಸುಲಭ, ಕೇಳುವವರು ಎದುರು ಮಾತಾಡುವುದಿಲ್ಲ, ಚೆಂಡು ಉರುಳಿದ್ದಂತೂ ಕಣ್ಣೆದುರೇ ಇದೆ. ಹೀಗಾಗಿ ಯಾರೂ ಪರೀಕ್ಷೆ ಮಾಡಲು ಹೋಗುವುದಿಲ್ಲ. ಈಗ ಮಾಡೋಣ.

ಗಾಲ್ಫ್ ಚೆಂಡಿನ ವ್ಯಾಸ 42.67 ಮಿಲಿಮೀಟರ್‌ಗಿಂತ ಕಡಿಮೆ ಇರಬಾರದು ಎಂಬುದು ನಿಯಮ. ಅಂದರೆ ಅದರ ನಡು ನೆಲದಿಂದ ಸುಮಾರು 21 ಮಿಲಿಮೀಟರ್ ಎತ್ತರದಲ್ಲಿದೆ. ಐರನ್‌ನ ಕೆಳ ಅಂಚು ಆ ನಡುವಿಗೋ ಅದಕ್ಕಿಂತ ಮೇಲಕ್ಕೋ ತಾಗಿದರೆ ಟಾಪ್. ಎರಡು ಸೆಂಟಿಮೀಟರ್ ವ್ಯತ್ಯಾಸಕ್ಕೆ ಇಷ್ಟು ರಾದ್ಧಾಂತ. ಆ ಎರಡು ಸೆಂಟಿಮೀಟರ್ ಎಲ್ಲಿಂದ ಬಂತು ಅನ್ನುವುದೇ ನಿಜವಾದ ಪ್ರಶ್ನೆ.

ಕ್ಲಬ್ಬು ನಿಮ್ಮ ತಲೆಗೆ ಕಟ್ಟಿಲ್ಲ. ಕೈಯಲ್ಲಿದೆ. ಕೈ ಭುಜಕ್ಕೆ ಸೇರಿದೆ. ಎಡಭುಜದಿಂದ ಏಳನೇ ಐರನ್ನಿನ ತುದಿಯವರೆಗೆ ಸುಮಾರು ಒಂದೂವರೆ ಮೀಟರ್ ಉದ್ದ. ಇದರಲ್ಲಿ ಎಡ ಮೊಣಕೈ ಒಂದಿಷ್ಟು ಮಡಚಿದರೂ ಎರಡು ಸೆಂಟಿಮೀಟರ್ ಹೋಯಿತು. ತಲೆ ಇದ್ದಲ್ಲೇ ಇದ್ದರೂ ಟಾಪ್ ಆಗುತ್ತೆ. ಇನ್ನು ಕತ್ತನ್ನು ತಿರುಗಿಸಿ ಗುರಿಯ ಕಡೆ ನೋಡಿದರೆ? ಭುಜ ಒಂದು ಕೂದಲೆಳೆಯಷ್ಟೂ ಏಳಬೇಕಾಗಿಲ್ಲ. ಕೂತಲ್ಲೇ ಪ್ರಯತ್ನಿಸಿ: ಕತ್ತು ತಿರುಗಿಸಿ ಕಿಟಕಿ ಕಡೆ ನೋಡಿ. ಭುಜ ಎದ್ದಿತೇ?

ಇನ್ನು ಸಮಯದ ಲೆಕ್ಕ. ಕ್ಲಬ್ ಮೇಲಿಂದ ಇಳಿದು ಚೆಂಡಿಗೆ ತಾಗಲು ಬೇಕಾಗುವುದು ಸುಮಾರು ಕಾಲು ಸೆಕೆಂಡ್. ಚೆಂಡೂ ಕ್ಲಬ್ಬೂ ಅಂಟಿಕೊಂಡಿರುವುದು ಸೆಕೆಂಡನ್ನು ಎರಡು ಸಾವಿರ ಪಾಲು ಮಾಡಿದರೆ ಅದರಲ್ಲಿ ಒಂದು ಪಾಲು. ನಿಮ್ಮ ಸ್ನೇಹಿತರು ‘ತಲೆ ಎತ್ತಿದ್ದು ಕಂಡಿತು’ ಅಂದಾಗ ಅವರಿಗೆ ಕಂಡಿದ್ದು ಚೆಂಡು ಹೋದ ಮೇಲಿನ ತಲೆ. ಹೊಡೆತ ಕೆಟ್ಟಿತು ಅಂತ ಕೈಗೆ ಗೊತ್ತಾದ ಕೂಡಲೇ ಎಲ್ಲಿ ಹೋಯಿತಪ್ಪಾ ಅಂತ ಯಾರಾದರೂ ತಲೆ ಎತ್ತಿ ನೋಡುತ್ತಾರೆ. ಪರಿಣಾಮವನ್ನು ಕಾರಣ ಅಂದುಕೊಂಡಿದ್ದಾರೆ, ಅಷ್ಟೇ.

ಇಷ್ಟಕ್ಕೂ ಒಪ್ಪದವರಿಗೆ ಇಬ್ಬರು ಚಾಂಪಿಯನ್ ಆಟಗಾರರ ಹೆಸರು ಸಾಕು. ಸ್ವೀಡನ್ನಿನ ಆನಿಕಾ ಸೋರೆನ್‌ಸ್ಟಾಮ್, ಅಮೆರಿಕದ ಡೇವಿಡ್ ಡುವಾಲ್. ಚೆಂಡಿಗೆ ಕ್ಲಬ್ ತಾಗುವ ಮೊದಲೇ ಇಬ್ಬರ ತಲೆಯೂ ಗುರಿಯ ಕಡೆ ತಿರುಗಲು ಶುರುವಾಗಿರುತ್ತಿತ್ತು. ಡುವಾಲ್ 1999ರಲ್ಲಿ, ಸೋರೆನ್‌ಸ್ಟಾಮ್ 2001ರಲ್ಲಿ ಹದಿನೆಂಟು ಕುಳಿಗಳನ್ನು ಬರೀ 59 ಹೊಡೆತದಲ್ಲಿ ಮುಗಿಸಿದವರು. ಇವರ ಪಕ್ಕ ನಿಂತು ‘ಅಮ್ಮಾ, ತಲೆ ಎತ್ತಿಬಿಟ್ಟಿ’ ಅನ್ನುವ ಧೈರ್ಯ ಇದ್ದವರು ಅನ್ನಲಿ.

‘ಚಾಂಪಿಯನ್ ಜ್ಯಾಕ್ ನಿಕ್ಲಾಸ್‌ಗೆ ಹುಡುಗನಾಗಿದ್ದಾಗ ಕೂದಲು ಹಿಡಿದು ಕಲಿಸಿದರಂತಲ್ಲ?’ ಎಂದು ಕೇಳುವವರು ಯಾವಾಗಲೂ ಒಬ್ಬರು ಇರುತ್ತಾರೆ. ಹೌದು, ಗುರು ಜ್ಯಾಕ್ ಗ್ರೌಟ್ ತಮ್ಮ ಸಹಾಯಕನಿಂದ ಕೂದಲು ಹಿಡಿಸಿ ಅಭ್ಯಾಸ ಮಾಡಿಸಿದ್ದು ನಿಜ. ತಲೆ ಅತ್ತಿತ್ತ ಜಾರಬಾರದು ಅನ್ನುವುದಕ್ಕೆ ಅದು. ಅದೇ ನಿಕ್ಲಾಸ್ ಪ್ರತಿ ಹೊಡೆತಕ್ಕೂ ಮುಂಚೆ ಗದ್ದವನ್ನು ಬಲಕ್ಕೆ ತಿರುಗಿಸಿಕೊಂಡೇ ಸ್ವಿಂಗ್ ಶುರುಮಾಡುತ್ತಿದ್ದರು. ಸ್ಥಿರವಾಗಿರುವುದು ಬೇರೆ, ಸಿಕ್ಕಿಹಾಕಿಕೊಂಡಿರುವುದು ಬೇರೆ.

ಈ ಉಪದೇಶ ಬರೀ ತಪ್ಪಾಗಿದ್ದರೆ ಬಿಟ್ಟುಬಿಡಬಹುದಿತ್ತು. ಇದು ರೋಗವನ್ನೇ ಹೆಚ್ಚಿಸುತ್ತೆ, ಅದೇ ತಕರಾರು. ತಲೆಯನ್ನು ಮೊಳೆ ಹೊಡೆದ ಹಾಗೆ ನಿಲ್ಲಿಸಿದರೆ ಎದೆ ತಿರುಗುವುದು ನಿಲ್ಲುತ್ತೆ. ಎದೆ ತಿರುಗದಿದ್ದರೆ ಭಾರ ಬಲಗಾಲಿನಲ್ಲೇ ಉಳಿಯುತ್ತೆ. ಕೈಗಳಿಗೆ ಮುಂದೆ ಹೋಗಲು ದಾರಿಯಿಲ್ಲದೆ ಎಡ ಮೊಣಕೈ ಕೋಳಿ ರೆಕ್ಕೆಯ ಹಾಗೆ ಹೊರಕ್ಕೆ ಮಡಚುತ್ತೆ. ಮೊಣಕೈ ಮಡಚಿದರೆ ಏನಾಗುತ್ತೆ ಅಂತ ಆಗಲೇ ಲೆಕ್ಕ ಹಾಕಿದ್ದೇವೆ. ನೀವು ಗದ್ದ ಒತ್ತಿ ಹಿಡಿದಷ್ಟೂ ಟಾಪ್ ಜಾಸ್ತಿಯಾಗಿದ್ದರೆ ಆಶ್ಚರ್ಯವಿಲ್ಲ.

ಹಾಗಾದರೆ ಟಾಪ್ ಆಗುವುದು ಯಾಕೆ? ಬಲಗೈಯವರ ಲೆಕ್ಕದಲ್ಲೇ ಹೇಳುತ್ತೇನೆ, ಎಡಗೈಯವರು ತಿರುಗಿಸಿಕೊಳ್ಳಿ.

ಕ್ಲಬ್ಬಿನ ತಲೆ ಒಂದು ಕಮಾನಿನಲ್ಲಿ ಬರುತ್ತೆ. ಆ ಕಮಾನಿನ ತೀರಾ ಕೆಳಗಿನ ಬಿಂದು ಚೆಂಡಿಗಿಂತ ಮುಂದೆ, ಗುರಿಯ ಕಡೆಗೆ, ಇರಬೇಕು. ನುರಿತವರಲ್ಲಿ ಏಳನೇ ಐರನ್‌ಗೆ ಅದು ಎಂಟು-ಹತ್ತು ಸೆಂಟಿಮೀಟರ್ ಮುಂದಿರುತ್ತೆ, ಚೆಂಡಿಗೆ ತಾಗುವಾಗ ಕ್ಲಬ್ಬು ಸುಮಾರು 4 ಡಿಗ್ರಿ ಇಳಿಜಾರಿನಲ್ಲಿ ಇನ್ನೂ ಇಳಿಯುತ್ತಲೇ ಇರುತ್ತೆ. ಮೊದಲು ಚೆಂಡು, ಆಮೇಲೆ ನೆಲ. ಕಲಿಯುವವರಲ್ಲಿ ಈ ಬಿಂದು ಚೆಂಡಿನ ಹಿಂದೆ ಇರುತ್ತೆ. ಆಗ ಎರಡರಲ್ಲಿ ಒಂದು: ಕ್ಲಬ್ಬು ಚೆಂಡಿನ ಹಿಂದೆಯೇ ನೆಲ ಅಗೆದು ಫ್ಯಾಟ್ ಆಗುತ್ತೆ, ಇಲ್ಲ, ನೆಲ ತಪ್ಪಿಸಿಕೊಂಡು ಬಂದು ಮೇಲೇಳುತ್ತಾ ಚೆಂಡಿನ ನೆತ್ತಿ ಸವರುತ್ತೆ. ಫ್ಯಾಟೂ ಟಾಪೂ ಒಂದೇ ಹೊಟ್ಟೆಯ ಅಣ್ಣತಮ್ಮಂದಿರು. ನಿಮ್ಮ ಉಳಿದ ಆರು ಹೊಡೆತದಲ್ಲಿ ಒಂದೆರಡು ಫ್ಯಾಟ್ ಇದ್ದೇ ಇರುತ್ತವೆ, ನೀವು ಬರೆದಿಲ್ಲ ಅಷ್ಟೇ.

ಆ ಬಿಂದು ಹಿಂದೆ ಉಳಿಯಲು ದೊಡ್ಡ ಕಾರಣ, ಚೆಂಡನ್ನು ಎತ್ತಬೇಕು ಅನ್ನುವ ಆಸೆ. ಚಿನ್ನಿ-ದಾಂಡು ಆಡಿದವರಿಗೆ ಇದನ್ನು ವಿವರಿಸುವುದೇ ಬೇಡ. ಗುಳಿಯ ಮೇಲೆ ಅಡ್ಡ ಇಟ್ಟ ಚಿನ್ನಿಯನ್ನು ದಾಂಡಿನಿಂದ ತೋಡಿ ಎತ್ತಿ ಹಾಕುತ್ತೇವೆ. ಆದರೆ ನೆಲದ ಮೇಲೆ ಬಿದ್ದ ಚಿನ್ನಿಯನ್ನು? ಚೂಪು ತುದಿಗೆ ಕೆಳಮುಖವಾಗಿ ತಟ್ಟುತ್ತೇವೆ, ಅದು ತಾನೇ ಮೇಲೆ ಚಿಮ್ಮುತ್ತೆ. ಗಾಲ್ಫ್ ಐರನ್ ಈ ಎರಡನೇ ಜಾತಿ. ಅಲ್ಲಿ ಓರೆ ಇರುವುದು ಚಿನ್ನಿಯ ತುದಿಯಲ್ಲಿ, ಇಲ್ಲಿ ಕ್ಲಬ್ಬಿನ ಮುಖದಲ್ಲಿ. ಏಳನೇ ಐರನ್ನಿನ ಮುಖ 30 ಡಿಗ್ರಿಯ ಆಸುಪಾಸು ಹಿಂದಕ್ಕೆ ವಾಲಿದೆ; ಚೆಂಡನ್ನು ಮೇಲಕ್ಕೆ ಕಳಿಸುವ ಕೆಲಸ ಅದರದ್ದು. ನೀವು ಮಣಿಕಟ್ಟು ಮುರಿದು, ಬಲಗಾಲಿನ ಮೇಲೆ ಒರಗಿ, ಚೆಂಡನ್ನು ತೋಡಿ ಎತ್ತಲು ಹೋದರೆ ಕ್ಲಬ್ಬಿನ ಅಂಚು ಮೇಲೆದ್ದು ನೆತ್ತಿಗೇ ಬಡಿಯುತ್ತೆ.

ಎರಡನೆಯದು ಸೊಂಟ. ಮಂಡ್ಯದವರು ನೀವು, ಕಬ್ಬು ಕಡಿಯುವವರನ್ನು ನೋಡಿದ್ದೀರಿ. ಬುಡದಲ್ಲೇ ಸಿಹಿ ಜಾಸ್ತಿ, ಹಾಗಾಗಿ ಮಚ್ಚು ನೆಲದ ಮಟ್ಟಕ್ಕೆ ಬೀಳಬೇಕು. ಬಗ್ಗಿದ ಸೊಂಟ ಅರ್ಧಕ್ಕೇ ಎದ್ದರೆ ಮಚ್ಚೂ ಎದ್ದು ಮೋಟು ಉದ್ದ ಉಳಿಯುತ್ತೆ. ಗಾಲ್ಫಿನಲ್ಲೂ ಇದೇ. ಕ್ಲಬ್ ಇಳಿಯುವಾಗ ಸೊಂಟ ಚೆಂಡಿನ ಕಡೆಗೆ ನುಗ್ಗಿದರೆ ಮುಂಡ ನೆಟ್ಟಗಾಗುತ್ತೆ, ಆಗ ತಲೆಯೂ ನಿಜವಾಗಿಯೇ ಏಳುತ್ತೆ. ಆದರೆ ತಲೆ ಎಬ್ಬಿಸಿದ್ದು ಸೊಂಟ. ಸೊಂಟ ಬಿಟ್ಟು ತಲೆ ಒತ್ತಿ ಹಿಡಿದರೆ ಕತ್ತು ನೋಯದೆ ಇನ್ನೇನಾಗುತ್ತೆ?

ಮೂರನೆಯದು ಹೆದರಿಕೆ. ಬೇಸಿಗೆಯಲ್ಲಿ ನೆಲ ಇಟ್ಟಿಗೆಯಂತೆ ಗಟ್ಟಿಯಾದಾಗ ಎರಡು ಸಲ ಫ್ಯಾಟ್ ಹೊಡೆದು ಮಣಿಕಟ್ಟು ಝುಮ್ ಅಂದಮೇಲೆ ಕೈ ತಾನಾಗಿಯೇ ಒಳಕ್ಕೆ ಎಳೆದುಕೊಳ್ಳುತ್ತೆ. ಚೆಂಡು ಎಡಗಾಲಿನ ಕಡೆ ತೀರಾ ಮುಂದಿದ್ದರೂ ಟಾಪ್ ಆಗುತ್ತೆ. ಅದನ್ನು ಸರಿಮಾಡಲು ಎರಡು ನಿಮಿಷ ಸಾಕು.

ನಿಮ್ಮದು ಯಾವುದು ಅಂತ ತಿಳಿಯಲು ಚೆಂಡೇ ಬೇಡ. ಹುಲ್ಲಿರುವ ಖಾಲಿ ಜಾಗದಲ್ಲಿ, ಅಕ್ಕಪಕ್ಕ ಯಾರೂ ಇಲ್ಲದಾಗ, ರಂಗೋಲಿ ಪುಡಿಯಿಂದ ಒಂದೂವರೆ ಮೀಟರ್ ಉದ್ದದ ನೇರ ಗೆರೆ ಎಳೆಯಿರಿ. ಗೆರೆ ನಿಮ್ಮ ಎರಡು ಪಾದಗಳ ನಡುವೆ ಹಾದು ಎದುರಿಗೆ ಹೋಗಬೇಕು, ಗುರಿ ಎಡಕ್ಕಿರಬೇಕು. ಚೆಂಡು ಗೆರೆಯ ಆಚೆ ತುದಿಯಲ್ಲಿದೆ ಅಂದುಕೊಂಡು ಸ್ವಿಂಗ್ ಮಾಡಿ. ಅರ್ಧ ಅಡಿ ಹಿಂದೆ ಸರಿದು ಮತ್ತೊಂದು. ಹತ್ತು ಆಗಲಿ. ಹುಲ್ಲು ಸವರಿದ ಗುರುತು ಗೆರೆಯಿಂದ ಶುರುವಾಗಿ ಎಡಕ್ಕೆ ಹೋಗಿದ್ದರೆ ಸರಿ. ಗೆರೆಯ ಬಲಕ್ಕೇ ಶುರುವಾಗಿದ್ದರೆ ಭಾರ ಹಿಂದೆ ಉಳಿದಿದೆ. ಗುರುತೇ ಇಲ್ಲದಿದ್ದರೆ ಮೊಣಕೈ ಇಲ್ಲವೇ ಸೊಂಟ. ಹತ್ತಕ್ಕೆ ಏಳು ಸರಿ ಬರುವವರೆಗೆ ಅಭ್ಯಾಸದ ಚೆಂಡಿನ ಬುಟ್ಟಿಗೆ ದುಡ್ಡು ಹಾಕಬೇಡಿ.

ಆಮೇಲೆ ಚೆಂಡು. ಪಾದಗಳು ಭುಜದಷ್ಟು ಅಗಲ. ಚೆಂಡು ನಡುಮಧ್ಯದಿಂದ ಒಂದು ಚೆಂಡಿನಷ್ಟು ಎಡಕ್ಕೆ. ಭಾರ ಮೊದಲೇ ಎಡಗಾಲಿಗೆ ತುಸು ಹೆಚ್ಚು, ನೂರಕ್ಕೆ 55 ಅಂದುಕೊಳ್ಳಿ. ಚೆಂಡಿನ ಹಿಂದೆ ಅರ್ಧ ಅಡಿ, ಅಂದರೆ 15 ಸೆಂಟಿಮೀಟರ್ ದೂರದಲ್ಲಿ, ಮಡಚಿದ ಟವಲ್ ಹಾಸಿ. ಕೈ ಸೊಂಟದೆತ್ತರಕ್ಕೆ ಹೋಗಿ, ಆಚೆ ಕಡೆಯೂ ಸೊಂಟದೆತ್ತರಕ್ಕೆ ಬಂದು ನಿಲ್ಲುವ ಅರ್ಧ ಸ್ವಿಂಗ್ ಮಾತ್ರ. ಟವಲಿಗೆ ತಾಗದೆ ಚೆಂಡು ಹೋಗಬೇಕು. ಮುಗಿದ ಮೇಲೆ ಹಾಗೇ ಮೂರು ಸೆಕೆಂಡ್ ನಿಲ್ಲಿ: ಬೆಲ್ಟಿನ ಬಕಲ್ ಗುರಿಯ ಕಡೆ, ಬಲ ಹಿಮ್ಮಡಿ ನೆಲ ಬಿಟ್ಟಿರಬೇಕು, ಬಲಗಾಲು ಎತ್ತಿದರೂ ಬೀಳಬಾರದು. ಬಲಭುಜ ಗದ್ದದ ಕೆಳಗೆ ಬಂದಾಗ ತಲೆಯನ್ನೂ ಜೊತೆಗೆ ಕರೆದುಕೊಂಡು ಹೋಗಲಿ, ತಡೆಯಬೇಡಿ. ದಿನಕ್ಕೆ ಮೂವತ್ತು ಚೆಂಡು ಸಾಕು. ಅರ್ಧ ಸ್ವಿಂಗ್‌ನಲ್ಲಿ ಟಾಪ್ ನಿಲ್ಲದೆ ಪೂರ್ತಿ ಸ್ವಿಂಗಿಗೆ ಹೋಗುವುದು ಇದ್ದ ತಪ್ಪನ್ನೇ ಜೋರಾಗಿ ಮಾಡಿದ ಹಾಗೆ.

ಪಟ್ಟಿಂಗ್ ಮಾಡುವಾಗ, ಅಂದರೆ ಚೆಂಡನ್ನು ಮೆಲ್ಲಗೆ ಕುಳಿಗೆ ಉರುಳಿಸುವಾಗ, ತಲೆ ಅಲುಗದಿದ್ದರೆ ಒಳ್ಳೆಯದೇ. ದೂರ ಹೊಡೆಯುವ ಉದ್ದನೆ ಕ್ಲಬ್ಬು ಡ್ರೈವರ್‌ನ ಲೆಕ್ಕ ಬೇರೆ. ಟೀ ಎಂಬ ಪುಟ್ಟ ಗೂಟದ ಮೇಲಿನ ಚೆಂಡಿಗೆ ಇಳಿಮುಖದ ಹೊಡೆತ ಬೇಕಾಗಿಲ್ಲ, ಅದನ್ನು ಇಲ್ಲಿಗೆ ಬೆರೆಸಬೇಡಿ.

ನೀವು ಕೇಳಲಿಲ್ಲ, ಆದರೆ ಮುಂದಿನ ವಾರ ಮೊಬೈಲಿನಲ್ಲಿ ವಿಡಿಯೋ ತೆಗೆದು ಕಳಿಸುತ್ತೀರಿ ಅಂತ ಗೊತ್ತು. ಆದ್ದರಿಂದ ಈಗಲೇ ಹೇಳಿಬಿಡುತ್ತೇನೆ. ಮಾಮೂಲಿ ವಿಡಿಯೋದಲ್ಲಿ ಸೆಕೆಂಡಿಗೆ 30 ಚಿತ್ರ. ಗಂಟೆಗೆ 120 ಕಿಲೋಮೀಟರ್ ವೇಗದ ಕ್ಲಬ್ಬು ಎರಡು ಚಿತ್ರಗಳ ನಡುವೆ ಒಂದು ಮೀಟರಿಗೂ ಹೆಚ್ಚು ದೂರ ಹೋಗಿರುತ್ತೆ. ಹೊಡೆತದ ಕ್ಷಣ ಅದರಲ್ಲಿ ಸಿಗುವುದೇ ಇಲ್ಲ. ಸಿಗುವುದು ಅದರ ಆಮೇಲಿನ, ಎತ್ತಿದ ತಲೆಯ ಚಿತ್ರ. ತಲೆಯ ಕಟ್ಟುಕಥೆಗೆ ಈಗ ಮೊಬೈಲೂ ಸಾಕ್ಷಿ ಹೇಳುವುದು ಹೀಗೆ. ಸ್ಲೋ ಮೋಷನ್‌ನಲ್ಲಿ ಸೆಕೆಂಡಿಗೆ 240 ಚಿತ್ರ ಇಟ್ಟುಕೊಳ್ಳಿ. ಆಗಲೂ ಎರಡು ಚಿತ್ರಗಳ ನಡುವೆ ಕ್ಲಬ್ಬು 14 ಸೆಂಟಿಮೀಟರ್ ಸಾಗಿರುತ್ತೆ, ಆದ್ದರಿಂದ ಅದರಲ್ಲಿ ಕ್ಲಬ್ಬು ನೋಡಬೇಡಿ, ಮೈ ನೋಡಿ.

ಮೊಬೈಲನ್ನು ಸ್ನೇಹಿತರ ಕೈಗೆ ಕೊಟ್ಟರೆ ಅವರು ನಿಂತ ಎತ್ತರದಿಂದ, ಓರೆಯಾಗಿ ತೆಗೆಯುತ್ತಾರೆ. ಎಲ್ಲ ಕೋನವೂ ಸುಳ್ಳಾಗುತ್ತೆ. ಪ್ಲಾಸ್ಟಿಕ್ ಸ್ಟೂಲ್ ಮೇಲೋ ಟ್ರೈಪಾಡ್ ಮೇಲೋ, ಕ್ಲಬ್ ಹಿಡಿದು ನಿಂತಾಗ ನಿಮ್ಮ ಕೈ ಇರುವ ಎತ್ತರಕ್ಕೆ, ಎದೆಗೆ ನೇರ ಎದುರು, ಮೂರು ಮೀಟರ್ ದೂರದಲ್ಲಿಡಿ. ಚೆಂಡು ಹಾರುವ ದಾರಿಗೆ ಅಡ್ಡ ಬರಬಾರದು. ವೈಡ್ ಲೆನ್ಸ್ ಬೇಡ, ಅಂಚಿನಲ್ಲಿ ಎಲ್ಲವನ್ನೂ ಬಗ್ಗಿಸುತ್ತೆ. ಚೆಂಡು ಕದಲುವ ಚಿತ್ರದಲ್ಲಿ ನಿಲ್ಲಿಸಿ ಎಡ ಮೊಣಕೈ ನೋಡಿ, ಬಕಲ್ ಎತ್ತ ತಿರುಗಿದೆ ನೋಡಿ, ಬಲ ಹಿಮ್ಮಡಿ ಎದ್ದಿದೆಯೇ ನೋಡಿ. ಸೊಂಟ ನುಗ್ಗುವುದನ್ನು ಹಿಡಿಯಲು ಮಾತ್ರ ಮೊಬೈಲು ನಿಮ್ಮ ಬಲಕ್ಕೆ, ಗುರಿಗೆ ಮುಖ ಮಾಡಿ, ಕೈಗಳ ನೇರಕ್ಕೆ ಬರಬೇಕು. ಹಿಂಭಾಗಕ್ಕೆ ತಾಗುವಂತೆ ತೆರೆಯ ಮೇಲೆ ಒಂದು ಗೆರೆ ಎಳೆದು, ಹೊಡೆಯುವ ಹೊತ್ತಿಗೆ ಮೈ ಆ ಗೆರೆಯಿಂದ ಎಷ್ಟು ಬಿಟ್ಟಿದೆ ಅಂತ ಅಳೆಯಿರಿ.

ಕತ್ತು ನೋವಿನ ವಿಷಯ ಮರೆತಿಲ್ಲ. ಗದ್ದ ಎದೆಗೆ ಅಂಟಿದ್ದರೆ ಕ್ಲಬ್ಬನ್ನು ಹಿಂದಕ್ಕೆ ಎತ್ತುವ ಬ್ಯಾಕ್‌ಸ್ವಿಂಗ್‌ನಲ್ಲಿ ಎಡಭುಜಕ್ಕೆ ಗದ್ದದ ಕೆಳಗೆ ಹೋಗಲು ಜಾಗವೇ ಇರುವುದಿಲ್ಲ, ಅದು ಗದ್ದವನ್ನು ತಳ್ಳುತ್ತಾ ಹೋಗುತ್ತೆ. ಗದ್ದಕ್ಕೂ ಎದೆಗೂ ನಡುವೆ ಒಂದು ಮುಷ್ಟಿ ಹಿಡಿಯುವಷ್ಟು ಜಾಗ ಬಿಟ್ಟು ನಿಲ್ಲಿ. ಚೆಂಡನ್ನು ಹಣೆ ಬಗ್ಗಿಸಿ ನೋಡಬೇಡಿ, ಮೂಗಿನ ಕೆಳಗಿಂದ ನೋಡಿ. ನೋವು ಪೂರ್ತಿ ಹೋಗುವವರೆಗೆ ರಂಗೋಲಿ ಗೆರೆಯ ಅಭ್ಯಾಸವನ್ನೂ ಅರ್ಧ ಸ್ವಿಂಗಿಗೇ ನಿಲ್ಲಿಸಿ. ಎರಡು ವಾರದಲ್ಲೂ ಹೋಗದಿದ್ದರೆ ಡಾಕ್ಟರ ಹತ್ತಿರ ತೋರಿಸಿ.