‘ನಮ್ಮ ಮನಿತನದಾಗ ಯಾರಿಗೂ ಹಿಂಗಿಲ್ರಿ, ಮತ್ತ್ಯಾಕ ಜೀನ್ ಟೆಸ್ಟ್?’

ಗದಗ, ಹಾವೇರಿ, ಹುಬ್ಬಳ್ಳಿ, ಎಲ್ಲಿಂದ ಬಂದರೂ ಪ್ರಶ್ನೆ ಇದೇ. ಮಗುವಿಗೆ ಹುಟ್ಟಿನಿಂದ ಕಿವಿ ಕೇಳಿಸದು. ಡಾಕ್ಟರು ಜೀನ್ (ವಂಶವಾಹಿ) ಟೆಸ್ಟ್ ಬರೆದುಕೊಟ್ಟಿದ್ದಾರೆ. ವಂಶದಲ್ಲೇ ಇಲ್ಲದ ಮೇಲೆ ಸುಮ್ನೆ ಖರ್ಚು ಯಾಕೆ ಅಂತ ಮನೆಯವರ ವಾದ.

ಎಷ್ಟು ಸಲ ಹೇಳಿದರೂ ಈ ನಂಬಿಕೆ ಹೋಗುತ್ತಿಲ್ಲ. ಹುಟ್ಟಿನಿಂದ ಕಿವಿ ಕೇಳಿಸದ ಬಹುಪಾಲು ಮಕ್ಕಳ ಅಪ್ಪ-ಅಮ್ಮನಿಗೆ ಕಿವಿ ಸರಿಯಾಗಿಯೇ ಕೇಳಿಸುತ್ತದೆ. ನಮ್ಮಲ್ಲಿ ಹೆಚ್ಚುಕಡಿಮೆ ಒಂದೊಂದು ಜೀನ್‌ಗೂ ಎರಡು ಪ್ರತಿ (ನಕಲು) ಇವೆ, ಅಪ್ಪನದೊಂದು, ಅಮ್ಮನದೊಂದು. ನೊಗಕ್ಕೆ ಕಟ್ಟಿದ ಎರಡು ಎತ್ತಿನಲ್ಲಿ ಒಂದು ಸೊರಗಿದರೂ ಇನ್ನೊಂದು ಬಂಡಿ ಎಳೆದಂತೆ, ಒಂದು ಪ್ರತಿ ಕೆಟ್ಟರೂ ಸಾಮಾನ್ಯವಾಗಿ ಕೆಲಸ ನಡೆಯುತ್ತದೆ. ಹಾಗಾಗಿ ದೋಷ ತಲೆಮಾರುಗಟ್ಟಲೆ ಯಾರ ಕಣ್ಣಿಗೂ ಬೀಳದೆ ಸಾಗುತ್ತದೆ. ಒಂದೇ ಜೀನ್‌ನ ಕೆಟ್ಟ ಪ್ರತಿ ಇರುವ ಇಬ್ಬರು ಮದುವೆಯಾದರೆ, ಪ್ರತಿ ಬಸುರಿನಲ್ಲೂ ನಾಲ್ಕರಲ್ಲಿ ಒಂದು ಪಾಲು ಅಪಾಯ. ಮೊದಲ ಮಗುವಿಗೆ ಬಂತು, ಇನ್ನು ಮೂವರಿಗೆ ಬರಲ್ಲ ಅಂತ ಲೆಕ್ಕ ಹಾಕಬೇಡಿ. ಪ್ರತಿ ಸಲವೂ ಅದೇ ಅಪಾಯ.

ದಯವಿಟ್ಟು ಸೊಸೆಯನ್ನು ಬೈಯಬೇಡಿ. ಅವಳು ಗ್ರಹಣದ ಹೊತ್ತು ಹೊರಗೆ ಬಂದಿದ್ದಕ್ಕೆ ಹೀಗಾಗಿಲ್ಲ. ಇಲ್ಲಿ ಒಂದು ಪ್ರತಿ ನಿಮ್ಮ ಮಗನದೇ.

ಕಿವುಡಿನಲ್ಲಿ ಜಿಜೆಬಿ2 ಎಂಬ ಜೀನ್ ಹೆಸರು ಜಾಸ್ತಿ ಕೇಳಿಬರುತ್ತದೆ. ಅದು ತಯಾರಿಸುವ ಪ್ರೋಟೀನ್ ಒಂದು ಸರಪಳಿಯಂತೆ, ಅದಕ್ಕೆ 226 ಕೊಂಡಿ. ನಮ್ಮ ದೇಶದಲ್ಲಿ ಹೆಚ್ಚಾಗಿ ಸಿಗುವ ದೋಷದಲ್ಲಿ ಜೀನ್‌ನ ಬರಹದಲ್ಲಿ ಒಂದೇ ಒಂದು ಅಕ್ಷರ ಬದಲಾಗಿ, 24ನೇ ಕೊಂಡಿಯ ಜಾಗದಲ್ಲೇ ತಯಾರಿ ನಿಂತುಬಿಡುತ್ತದೆ. ನಮ್ಮ ಡಿಎನ್‌ಎಯ 300 ಕೋಟಿ ಅಕ್ಷರಗಳ ನಡುವೆ ಇಂಥ ಒಂದನ್ನು ಹುಡುಕುವುದೇ ಸೀಕ್ವೆನ್ಸಿಂಗ್. ಕೆಲವೊಮ್ಮೆ ಅಪ್ಪ-ಅಮ್ಮ ಇಬ್ಬರಲ್ಲೂ ಇಲ್ಲದ ದೋಷ ಮಗುವಿನಲ್ಲೇ ಹೊಸದಾಗಿ ಹುಟ್ಟಿರುತ್ತದೆ. ಮೂವರ ರಕ್ತವನ್ನೂ ಕೇಳುವುದು ಅದಕ್ಕೇ.

ಉಪಯೋಗ ಏನು ಅಂತೀರಾ? ಜಿಜೆಬಿ2 ದೋಷ ಕೆಡಿಸುವುದು ಒಳಗಿವಿಯನ್ನು, ನರವನ್ನಲ್ಲ. ಇಂಥ ಮಕ್ಕಳಿಗೆ ಬೇಗ ಕಾಕ್ಲಿಯರ್ ಇಂಪ್ಲಾಂಟ್ (ಒಳಗಿವಿಯಲ್ಲಿ ಕೂರಿಸಿ ನರಕ್ಕೆ ನೇರವಾಗಿ ಸದ್ದಿನ ಸಂಕೇತ ಕೊಡುವ ಸಾಧನ) ಹಾಕಿಸಿದರೆ ಸಾಮಾನ್ಯವಾಗಿ ಚೆನ್ನಾಗಿ ಮಾತು ಕಲಿಯುತ್ತವೆ. ಟೆಸ್ಟ್‌ನಲ್ಲಿ ಏನೂ ಸಿಗದಿದ್ದರೆ ಜೀನ್ ಕಾರಣವೇ ಅಲ್ಲ ಅಂತಲೂ ಅಲ್ಲ.

ಯಾರೂ ಕೇಳದ ಇನ್ನೊಂದು ಮಾತು. ಆ ಮಗುವಿನ ಅಣ್ಣನಿಗೆ ಕಿವಿ ಚೆನ್ನಾಗಿದೆ, ನಾಳೆ ಸೋದರಮಾವನ ಮಗಳನ್ನೇ ತರಬೇಕು ಅಂತಿದ್ದೀರಿ, ಅಲ್ವಾ? ದೋಷ ಅಪ್ಪ-ಅಮ್ಮ ಇಬ್ಬರಿಂದಲೂ ಬಂದಿದ್ದರೆ, ಅಣ್ಣನಲ್ಲಿ ಒಂದು ಕೆಟ್ಟ ಪ್ರತಿ ಇರುವ ಸಾಧ್ಯತೆ ಮೂರರಲ್ಲಿ ಎರಡು. ಆ ಹುಡುಗಿಯಲ್ಲೂ ಮಗುವಿನ ಅಮ್ಮನಲ್ಲಿರುವ ದೋಷವೇ ಇರುವ ಸಾಧ್ಯತೆ ನಾಲ್ಕರಲ್ಲಿ ಒಂದು. ಮಗುವಿನ ರಿಪೋರ್ಟ್ ಜೋಪಾನವಾಗಿಡಿ. ಅದಿದ್ದರೆ ಇವರಿಬ್ಬರಿಗೆ ಪೂರ್ತಿ ಟೆಸ್ಟ್ ಬೇಕಿಲ್ಲ, ಅದರಲ್ಲಿ ಸಿಕ್ಕ ದೋಷವನ್ನಷ್ಟೇ ಹುಡುಕಿ ನೋಡಬಹುದು. ಮಾತುಕತೆಗೆ ಮುಂಚೆಯೇ ನೋಡಿಸಿ.